ನಳಿಕೆಯನ್ನು ಹಿಡಿದ ಲಾಡಿ



ರೋಣ, ನರಗುಂದ, ಗಜೇಂದ್ರಗಡದ ಯಾವುದೇ ಓಣಿಯಲ್ಲಿ ಹಿರಿಯರೊಬ್ಬರು ಆಸ್ಪತ್ರೆಯಿಂದ ಮನೆಗೆ ಮರಳಿದರೆಂದರೆ ನೆರೆಹೊರೆಯವರು ನೋಡಿಬರಲು ಹೋಗುತ್ತಾರೆ. ಮಲಗಿದವರ ಮೂಗಿನಿಂದ ಒಂದು ನಳಿಕೆ ಹೊರಬಂದಿರುತ್ತದೆ. ಮಂಚದ ಬದಿಗೆ ಮೂತ್ರದ ಚೀಲ ತೂಗುತ್ತಿರುತ್ತದೆ. ಕೈಯ ಮೇಲೆ ಸಲಾಯಿನ್ ಹಚ್ಚಿದ್ದ ಗುರುತು ಇನ್ನೂ ಮಾಸಿರುವುದಿಲ್ಲ. ಬಂದವರು ನಳಿಕೆಯ ಬಗ್ಗೆ ಕೇಳುತ್ತಾರೆ: ಇದು ಏತಕ್ಕೆ, ಎಷ್ಟು ದಿನ ಇರಬೇಕು, ನೋವಾಗುತ್ತದೆಯೇ ಎಂದು. ಆದರೆ ಆ ನಳಿಕೆಯನ್ನು ಅದರ ಸ್ಥಳದಲ್ಲಿ ಹಿಡಿದಿಟ್ಟಿರುವುದು ಯಾವುದು ಎಂದು ಯಾರೂ ಕೇಳುವುದಿಲ್ಲ. ಮೂಗಿನ ಮೇಲಿನ ಎರಡಂಗುಲದ ಅಂಟುಪಟ್ಟಿ, ತೊಡೆಗೆ ಸುತ್ತಿದ ಪಟ್ಟಿ, ಕೊರಳಿನ ಸುತ್ತ ಕಟ್ಟಿದ ಲಾಡಿ ಯಾರ ಗಮನಕ್ಕೂ ಬರುವುದಿಲ್ಲ. ನಳಿಕೆಯನ್ನು ಕಂಡುಹಿಡಿದವರ ಹೆಸರು ಪುಸ್ತಕಗಳಲ್ಲಿದೆ. ಅದನ್ನು ಬಿಗಿದು ಕಟ್ಟಿದವರ ಹೆಸರು ಬಹುತೇಕ ಎಲ್ಲಿಯೂ ಇಲ್ಲ. ಆದರೂ ಕಳಚಿದ ನಳಿಕೆಯಿಂದ ಯಾವ ಪ್ರಯೋಜನವೂ ಇಲ್ಲ. ಕೆಲವೊಮ್ಮೆ ಅದು ಅಪಾಯವನ್ನೇ ತರುತ್ತದೆ. ಆದ್ದರಿಂದ ಈ ಚಿಕ್ಕ ಕಟ್ಟಿನ ಚರಿತ್ರೆಯನ್ನು ತಾವು ನನ್ನೊಡನೆ ಒಮ್ಮೆ ಅವಲೋಕಿಸಬೇಕೆಂದು ವಿನಂತಿಸುತ್ತೇನೆ.

ದೇಹದೊಳಗೆ ನಳಿಕೆಯನ್ನು ಇಳಿಸುವ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯು ಶಸ್ತ್ರಚಿಕಿತ್ಸೆಗೆ ಬೇಕಾದ 101 ಯಂತ್ರಗಳನ್ನು ಹೇಳುತ್ತದೆ. ಅವುಗಳಲ್ಲಿ 20 ನಾಡೀಯಂತ್ರಗಳು, ಎಂದರೆ ನಳಿಕೆಯ ಆಕಾರದವು. ಅದೇ ಗ್ರಂಥವು ಗಾಯಗಳಿಗೆ ಕಟ್ಟುವ ಪಟ್ಟಿಗಳಲ್ಲಿ 14 ಬಗೆಗಳನ್ನು ಹೆಸರಿಸಿ, ದೇಹದ ಯಾವ ಅಂಗಕ್ಕೆ ಯಾವ ಕಟ್ಟು ಹೊಂದುತ್ತದೆ ಎಂಬುದನ್ನೂ ವಿವರಿಸುತ್ತದೆ. ನಳಿಕೆಯೂ ಇತ್ತು, ಕಟ್ಟೂ ಇತ್ತು. ಆದರೆ ನಳಿಕೆಯನ್ನು ದಿನಗಟ್ಟಲೆ ದೇಹದಲ್ಲಿಯೇ ಉಳಿಸುವುದು ಸುಲಭವಿರಲಿಲ್ಲ. ಲೋಹದ ನಳಿಕೆಯು ಗಡುಸಾಗಿತ್ತು. ಅದನ್ನು ಇಳಿಸಿ, ಕಟ್ಟಿಕೊಂಡ ಮೂತ್ರವನ್ನು ಹೊರಹಾಕಿ, ಮತ್ತೆ ತೆಗೆಯುವುದೇ ಸಾಮಾನ್ಯ ರೂಢಿಯಾಗಿತ್ತು. 1752ರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಕಲ್ಲಿನ ಬೇನೆಯಿಂದ ನರಳುತ್ತಿದ್ದ ತನ್ನ ಅಣ್ಣನಿಗಾಗಿ ಬಾಗುವ ಬೆಳ್ಳಿಯ ನಳಿಕೆಯೊಂದನ್ನು ಅಕ್ಕಸಾಲಿಗನಿಂದ ಮಾಡಿಸಿ ಕಳುಹಿಸಿದನು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ವಿಧಾನವನ್ನು ಕಂಡುಕೊಂಡ ಮೇಲೆ ಮೃದುವಾದ ನಳಿಕೆಗಳು ಬಂದವು. ಮೃದುವಾದ ನಳಿಕೆಯನ್ನು ದೇಹದಲ್ಲಿ ಬಿಡಬಹುದು. ಆದರೆ ಬಿಟ್ಟದ್ದು ಜಾರುತ್ತದೆ. ಹೊಸ ಪ್ರಶ್ನೆ ಹುಟ್ಟಿದ್ದು ಇಲ್ಲಿಯೇ.

ಮೂತ್ರನಳಿಕೆಯ ವಿಷಯದಲ್ಲಿ ವೈದ್ಯರು ಮೊದಲು ದಾರ ಮತ್ತು ಅಂಟುಪಟ್ಟಿಗಳಿಂದ ಅದನ್ನು ಹೊರಗಿನಿಂದ ದೇಹಕ್ಕೆ ಕಟ್ಟುತ್ತಿದ್ದರು. ಕಟ್ಟು ಸಡಿಲವಾದರೆ ನಳಿಕೆ ಜಾರುತ್ತಿತ್ತು, ಬಿಗಿಯಾದರೆ ಚರ್ಮ ಹುಣ್ಣಾಗುತ್ತಿತ್ತು. 1853ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ರೇಬಾರ್ ಬೇರೊಂದು ದಾರಿಯನ್ನು ಯೋಚಿಸಿದನು: ಹೊರಗೆ ಕಟ್ಟುವ ಬದಲು ಒಳಗಿನಿಂದಲೇ ಏಕೆ ಹಿಡಿಯಬಾರದು? ನಳಿಕೆಯ ತುದಿಗೆ ಪುಟ್ಟ ಬುಗ್ಗೆಯನ್ನು ಜೋಡಿಸಿ, ಮೂತ್ರಕೋಶವನ್ನು ತಲುಪಿದ ಮೇಲೆ ಅದನ್ನು ಉಬ್ಬಿಸುವುದು ಅವನ ಉಪಾಯವಾಗಿತ್ತು. ಅದು ಅಂದು ಬಳಕೆಗೆ ಬರಲಿಲ್ಲ. ಎಂಟು ದಶಕಗಳ ಬಳಿಕ, 1935ರಲ್ಲಿ, ಅಮೆರಿಕದ ವೈದ್ಯ ಫ್ರೆಡರಿಕ್ ಫೋಲೆ ಲೇಟೆಕ್ಸ್ ರಬ್ಬರಿನಿಂದ ಇಂತಹುದೇ ನಳಿಕೆಯನ್ನು ಮಾಡಿ ತಜ್ಞರ ಸಭೆಯಲ್ಲಿ ತೋರಿಸಿದನು. ಹಕ್ಕುಪತ್ರ ಮಾತ್ರ 1936ರಲ್ಲಿ ಪಾಲ್ ರೈಶ್ ಎಂಬ ಬೇರೊಬ್ಬನಿಗೆ ದೊರೆಯಿತು. ಫೋಲೆ ನ್ಯಾಯಾಲಯದವರೆಗೆ ಹೋದರೂ ಕೊನೆಗೆ ಅದು ಅವನ ಕೈಸೇರಲಿಲ್ಲ. ಆದರೂ ಮಾರಾಟಕ್ಕೆ ಬಂದದ್ದು ಅವನ ಹೆಸರಿನಲ್ಲಿ. ಇಂದಿಗೂ ನಮ್ಮ ಊರಿನ ಔಷಧಿ ಅಂಗಡಿಯಲ್ಲಿ ಅದನ್ನು ಫೋಲೆ ಕ್ಯಾತೆಟರ್ ಎಂದೇ ಕೇಳುತ್ತಾರೆ.

ಇದರ ರಚನೆಯನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಒಳ್ಳೆಯದು. ನಳಿಕೆಯೊಳಗೆ ಎರಡು ದಾರಿಗಳಿವೆ: ಒಂದು ಮೂತ್ರಕ್ಕೆ, ಇನ್ನೊಂದು ಬುಗ್ಗೆಗೆ ನೀರು ತುಂಬಲು. ದೊಡ್ಡವರಲ್ಲಿ ಸಾಮಾನ್ಯವಾಗಿ ಸುಮಾರು 10 ಮಿಲಿಲೀಟರ್ ಶುದ್ಧ ನೀರಿನಿಂದ ಉಬ್ಬುವ ಆ ಬುಗ್ಗೆಯೇ ಒಳಗಿನ ಗೂಟ. ಹಾಗೆಂದು ಹೊರಗಿನ ಕಟ್ಟು ಅನಾವಶ್ಯಕವಾಗಲಿಲ್ಲ. ರೋಗಿ ಮಗ್ಗುಲು ಬದಲಿಸುವಾಗ ತುಂಬಿದ ಚೀಲದ ಭಾರ ನಳಿಕೆಯನ್ನು ಎಳೆದರೆ, ಅಥವಾ ಗೊಂದಲದಲ್ಲಿರುವ ರೋಗಿಯೇ ಅದನ್ನು ಜಗ್ಗಿದರೆ, ಉಬ್ಬಿದ ಬುಗ್ಗೆಯು ಕೋಮಲವಾದ ಮೂತ್ರಮಾರ್ಗವನ್ನು ಹರಿದುಹಾಕಬಲ್ಲದು. ಆದ್ದರಿಂದಲೇ ನಳಿಕೆಯನ್ನು ತೊಡೆಗೆ, ಪುರುಷರಲ್ಲಿ ಕೆಲವೊಮ್ಮೆ ಕಿಬ್ಬೊಟ್ಟೆಗೆ, ಪಟ್ಟಿಯಿಂದ ಬಂಧಿಸುತ್ತಾರೆ. ಎಳೆತವಾಗದಂತೆ ನಳಿಕೆಯನ್ನು ಭದ್ರಪಡಿಸಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2009ರ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ.

ಅಂಟುಪಟ್ಟಿಯ ಕಥೆ ಬೇರೆ. ಜರ್ಮನಿಯ ಹ್ಯಾಂಬರ್ಗ್ ನಗರದ ಔಷಧಿಕಾರ ಪಾಲ್ ಬೈಯರ್ಸ್‌ಡಾರ್ಫ್ 1882ರಲ್ಲಿ ಔಷಧ ಲೇಪಿಸಿದ ಪಟ್ಟಿಯನ್ನು ತಯಾರಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಅವನು ಸ್ಥಾಪಿಸಿದ ಸಂಸ್ಥೆಯಿಂದಲೇ 1901ರಲ್ಲಿ ಲ್ಯುಕೋಪ್ಲಾಸ್ಟ್ ಹೊರಬಂದಿತು. ರಬ್ಬರಿನ ಅಂಟಿಗೆ ಸತುವಿನ ಭಸ್ಮವನ್ನು, ಎಂದರೆ ಝಿಂಕ್ ಆಕ್ಸೈಡನ್ನು ಬೆರೆಸಿದ್ದರಿಂದ ಚರ್ಮಕ್ಕೆ ಉರಿ ಕಡಿಮೆಯಾಯಿತು. ನಮ್ಮಲ್ಲಿ ಎಷ್ಟೋ ಜನರಿಗೆ ಇಂದಿಗೂ ಬಿಳಿಯ ಅಂಟುಪಟ್ಟಿ ಎಂದರೆ ಆ ಹೆಸರೇ. ಸಲಾಯಿನ್ ಹಚ್ಚುವ ಸೂಜಿಯನ್ನು ಹಿಡಿದಿಟ್ಟದ್ದೂ ಇದೇ ಪಟ್ಟಿ. ಉಕ್ಕಿನ ಸೂಜಿ ಇದ್ದ ಕಾಲದಲ್ಲಿ ಕೈ ಅಲುಗಿದರೆ ಸೂಜಿ ರಕ್ತನಾಳವನ್ನು ಚುಚ್ಚುತ್ತಿತ್ತು. ಆದ್ದರಿಂದ ಕೈಯ ಕೆಳಗೆ ಮರದ ಹಲಗೆಯನ್ನಿಟ್ಟು ಬಟ್ಟೆಯಿಂದ ಸುತ್ತುತ್ತಿದ್ದರು. 1950ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯ ಮಾಸಾ ಮತ್ತು ಅವನ ಸಂಗಡಿಗರು ಪ್ಲಾಸ್ಟಿಕ್ ಸೂಜಿಯನ್ನು ವಿವರಿಸಿದ ಮೇಲೆ ಸ್ಥಿತಿ ಬದಲಾಯಿತು. ಇಂದಿನ ಕ್ಯಾನುಲಾಗಳಲ್ಲಿ ಹಲವಕ್ಕೆ ಚಿಟ್ಟೆಯಂತೆ ಎರಡು ರೆಕ್ಕೆಗಳಿರುವುದನ್ನು ತಾವು ನೋಡಿರಬಹುದು. ಅವು ಅಲಂಕಾರಕ್ಕಲ್ಲ, ಪಟ್ಟಿ ಅಂಟಿಸಲು ಜಾಗ ಬೇಕೆಂದು ಇಟ್ಟವು.

ಮೂಗಿನ ನಳಿಕೆಗೆ ಹೆಸರು ಕೊಟ್ಟವನು ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ರೈಲ್. 1921ರಲ್ಲಿ ಅವನು ಜಠರರಸವನ್ನು ಪರೀಕ್ಷೆಗೆ ತೆಗೆಯಲು ತುದಿಗೆ ಭಾರವಿಟ್ಟ ತೆಳುವಾದ ರಬ್ಬರ್ ನಳಿಕೆಯನ್ನು ವಿವರಿಸಿದನು. ಪರೀಕ್ಷೆಗೆಂದು ಹುಟ್ಟಿದ ನಳಿಕೆ ಇಂದು ನುಂಗಲಾರದ ಲಕ್ಷಾಂತರ ಜನರಿಗೆ ಗಂಜಿಯ ದಾರಿಯಾಗಿದೆ. ಇಲ್ಲಿ ಒಳಗೆ ಬುಗ್ಗೆಯಿಲ್ಲ. ಮೂಗಿನ ಮೇಲಿನ ಅಂಟುಪಟ್ಟಿಯೇ ಆಧಾರ. ಬೆವರಿನಿಂದ ಅದು ಬಿಟ್ಟರೆ ನಳಿಕೆ ಮೇಲಕ್ಕೆ ಸರಿಯುತ್ತದೆ. ಸರಿದ ನಳಿಕೆಯಲ್ಲಿ ಆಹಾರ ಹಾಕಿದರೆ ಅದು ಶ್ವಾಸಕೋಶವನ್ನು ಸೇರಿ ಪ್ರಾಣಕ್ಕೇ ಕುತ್ತಾಗಬಹುದು. ಪದೇಪದೇ ನಳಿಕೆ ಕಿತ್ತುಕೊಳ್ಳುವ ರೋಗಿಗಳಿಗಾಗಿ 1980ರ ಸುಮಾರಿಗೆ ವೈದ್ಯರು ಹೊಸ ವಿಧಾನವೊಂದನ್ನು ವಿವರಿಸಿದರು. ಒಂದು ಹೊಳ್ಳೆಯಿಂದ ಒಳಹೋದ ಎಳೆಯು ಮೂಗಿನ ನಡುಗೋಡೆಯನ್ನು ಹಿಂದಿನಿಂದ ಬಳಸಿ ಇನ್ನೊಂದು ಹೊಳ್ಳೆಯಿಂದ ಹೊರಬರುತ್ತದೆ. ನಳಿಕೆಯನ್ನು ಅದಕ್ಕೆ ಬಂಧಿಸುತ್ತಾರೆ. ಇಂಗ್ಲಿಷಿನಲ್ಲಿ ಅದರ ಹೆಸರು ಬ್ರೈಡಲ್, ಎಂದರೆ ಕುದುರೆಯ ಕಡಿವಾಣ. ನಮ್ಮ ರೈತರು ನೋಡಿದರೆ ಎತ್ತಿನ ಮೂಗುದಾಣ ಎಂದಾರು. ಹೋಲಿಕೆ ಸರಿಯಾಗಿದೆ, ಆದರೆ ಮನಸ್ಸನ್ನು ಚುಚ್ಚುತ್ತದೆ. ಮನುಷ್ಯನ ಪ್ರಾಣ ಉಳಿಸಲು ನಾವು ಅವನನ್ನು ಎಲ್ಲಿಯವರೆಗೆ ಕಟ್ಟಬಹುದು? ಈ ಪ್ರಶ್ನೆಗೆ ಮುಂದೆ ಮರಳುತ್ತೇನೆ.

ಉಸಿರಿನ ನಳಿಕೆಯ ಚರಿತ್ರೆಯಲ್ಲಿ 1952 ಮರೆಯಲಾಗದ ವರ್ಷ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹರಡಿ, ಉಸಿರಾಟದ ಸ್ನಾಯುಗಳು ಸೋತ ರೋಗಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ವೈದ್ಯ ಬ್ಯೋರ್ನ್ ಇಬ್ಸನ್ ಕೊರಳಿನಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ನಳಿಕೆಯಿಳಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರು ಕೊಡಲು ಸೂಚಿಸಿದನು. ಸುಮಾರು 1500 ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಚೀಲ ಒತ್ತಿದರು. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಇಂದಿನ ತೀವ್ರ ನಿಗಾ ಘಟಕಗಳು ಹುಟ್ಟಿದ್ದು ಅಲ್ಲಿಂದ ಎಂದು ಹೇಳುತ್ತಾರೆ. ಕೊರಳಿನ ಅಂತಹ ನಳಿಕೆಯನ್ನು ದಶಕಗಳ ಕಾಲ ಹಿಡಿದಿಟ್ಟದ್ದು ಏನು? ನಳಿಕೆಯ ಎರಡು ಕಿವಿಗಳಿಗೆ ಪೋಣಿಸಿ ಕೊರಳ ಬದಿಗೆ ಗಂಟು ಹಾಕುವ ಹತ್ತಿಯ ಲಾಡಿ.

ಹತ್ತಿ ಎಂದೊಡನೆ ನಾವು ನಮ್ಮ ನೆಲಕ್ಕೆ ಮರಳುತ್ತೇವೆ. ರೋಣ, ನರಗುಂದಗಳ ಎರೆಭೂಮಿಗೆ ಹತ್ತಿ ತಲೆತಲಾಂತರದ ಬೆಳೆ. ಈ ಸೀಮೆಯು 1997ರಲ್ಲಿ ಗದಗ ಜಿಲ್ಲೆಗೆ ಸೇರುವ ಮೊದಲು ಧಾರವಾಡ ಜಿಲ್ಲೆಯಲ್ಲಿತ್ತು. 1840ರ ದಶಕದಲ್ಲಿ ಕಲೆಕ್ಟರ್ ಶಾ ಆ ಜಿಲ್ಲೆಗೆ ತರಿಸಿದ ಬೀಜದಿಂದ ಬೆಳೆದ ಹತ್ತಿ ಧಾರವಾಡ-ಅಮೆರಿಕನ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಗಜೇಂದ್ರಗಡದ ಮಗ್ಗಗಳು ಪಟ್ಟೆದ ಅಂಚಿನ ಸೀರೆಗೆ ಹೆಸರಾದವು. ಹತ್ತಿಯ ನೂಲಿಗೆ ಒಂದು ವಿಶೇಷ ಗುಣವಿದೆ: ಒದ್ದೆಯಾದಾಗ ಅದರ ಬಲ ಕುಗ್ಗುವುದಿಲ್ಲ, ಹೆಚ್ಚುತ್ತದೆ. ಕುದಿಸಿದರೂ ಕೆಡುವುದಿಲ್ಲ. ಬೆವರು, ಕಫಗಳಿಂದ ಒದ್ದೆಯಾದ ಕೊರಳಿನಲ್ಲಿ ಗಂಟು ಜಾರದೆ ನಿಲ್ಲಬೇಕಾದರೆ ಇಂತಹ ನೂಲೇ ಬೇಕು. ಹೊಲದಲ್ಲಿ ಹತ್ತಿ ಬಿಡಿಸುವ ತಾಯಂದಿರು ತಮ್ಮ ಬೆಳೆ ಯಾರದೋ ಉಸಿರನ್ನು ಹಿಡಿದಿಡುವ ಲಾಡಿಯ ಜಾತಿಯದೆಂದು ಬಹುಶಃ ಎಣಿಸಿರಲಾರರು.

ಇತ್ತೀಚಿನ ದಶಕಗಳಲ್ಲಿ ಹೊಸ ಸಾಧನಗಳು ಬಂದಿವೆ. ರಕ್ತನಾಳದ ನಳಿಕೆಯನ್ನು ಚರ್ಮಕ್ಕೆ ಹೊಲಿಯುವುದು ರೂಢಿಯಾಗಿತ್ತು. ಆದರೆ ಹೊಲಿಗೆಯೂ ಒಂದು ಗಾಯವೇ. ಹೊಲಿಯುವವರ ಕೈಗೂ ಸೂಜಿ ತಾಗುವ ಭಯವಿತ್ತು. ಅಮೆರಿಕದ ತುರ್ತುಚಿಕಿತ್ಸಾ ವೈದ್ಯ ಸ್ಟೀವನ್ ಬಿಯರ್‌ಮನ್ 1990ರ ದಶಕದಲ್ಲಿ ಸ್ಟ್ಯಾಟ್‌ಲಾಕ್ ಎಂಬ ಸಾಧನವನ್ನು ರೂಪಿಸಿದನು. ಅಂಟಿನ ಮೆತ್ತೆಯ ಮೇಲೆ ಕೂರಿಸಿದ ಪ್ಲಾಸ್ಟಿಕ್ ಹಿಡಿಕೆಯೊಂದು ನಳಿಕೆಯನ್ನು ಕಚ್ಚಿ ಹಿಡಿಯುತ್ತದೆ. ಹೊಸದೆಲ್ಲವೂ ಹಳೆಯದಕ್ಕಿಂತ ಮೇಲು ಎಂದು ಭಾವಿಸುವವರಿಗೆ ಆಸ್ಟ್ರೇಲಿಯಾದ ಒಂದು ಅಧ್ಯಯನ ಪಾಠವಾಗಬೇಕು. ಕ್ಲೇರ್ ರಿಕರ್ಡ್ ಮತ್ತು ಸಂಗಡಿಗರು 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದಂತೆ, 1600ಕ್ಕೂ ಹೆಚ್ಚು ರೋಗಿಗಳ ಕೈಯ ಕ್ಯಾನುಲಾವನ್ನು ನಾಲ್ಕು ಬಗೆಯಲ್ಲಿ ಭದ್ರಪಡಿಸಿ ನೋಡಲಾಯಿತು. ಯಾವ ಬಗೆಯಲ್ಲಾದರೂ ನೂರಕ್ಕೆ ಸುಮಾರು 40 ಕ್ಯಾನುಲಾಗಳು ಅವಧಿಗೆ ಮುನ್ನವೇ ವಿಫಲವಾದವು. ನಾಲ್ಕರ ನಡುವೆ ಗಣನೀಯ ಅಂತರ ಕಾಣಲಿಲ್ಲ. ಸಾಧನ ಬೇಡವೆಂದು ಇದರ ಅರ್ಥವಲ್ಲ. ಪಟ್ಟಿಯೊಂದೇ ಸಾಲದು, ಪಟ್ಟಿಯನ್ನು ದಿನವೂ ನೋಡುವ ಕಣ್ಣು ಬೇಕು ಎಂದು ನಾನು ಇದರಿಂದ ತಿಳಿಯುತ್ತೇನೆ.

ಈ ಮಾತು ನಮ್ಮ ಮೂರು ತಾಲ್ಲೂಕುಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಒಂದು ಕಾಲಕ್ಕೆ ಈ ಭಾಗದ ರೋಗಿಗಳು ಬಾಸೆಲ್ ಮಿಶನ್ನಿನವರು ಬೆಟಗೇರಿಯಲ್ಲಿ ಕಟ್ಟಿದ, ಜನ ಜರ್ಮನ್ ಆಸ್ಪತ್ರೆ ಎಂದು ಕರೆದ ಆಸ್ಪತ್ರೆಗೆ ಹೋಗುತ್ತಿದ್ದರು. 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಈಗ ಗದಗಿನಲ್ಲಿಯೂ ಜಿಮ್ಸ್ ಇದೆ. 2008ರ ನವೆಂಬರಿನಿಂದ 108ರ ವಾಹನ ಮನೆ ಬಾಗಿಲಿಗೆ ಬರುತ್ತದೆ. ಆದರೂ ದೊಡ್ಡ ಆಸ್ಪತ್ರೆ ನಮ್ಮಿಂದ ಹತ್ತಾರು ಕಿಲೋಮೀಟರ್ ದೂರವೇ. ರಾತ್ರಿ ನಳಿಕೆ ಕಳಚಿದರೆ ಅದು ಸಣ್ಣ ಸಂಗತಿಯಲ್ಲ. ನಗರದ ಆಸ್ಪತ್ರೆಯಲ್ಲಿ ದಾದಿಯು ಮಾಡುವ ಕಾವಲನ್ನು ಇಲ್ಲಿ ಸೊಸೆ, ಮಗ, ಮೊಮ್ಮಗಳು ಮಾಡಬೇಕು.

ಆ ಕಾವಲು ಕಷ್ಟದ್ದಲ್ಲ. ಮೂಗಿನ ನಳಿಕೆಯ ಮೇಲೆ ಹೊಳ್ಳೆಯ ಬಳಿ ಒಂದು ಗುರುತು ಹಾಕಿಸಿಕೊಳ್ಳಿರಿ. ಗುರುತು ಸರಿದಿದ್ದರೆ ಏನನ್ನೂ ಹಾಕದೆ ದಾದಿಯನ್ನೋ ವೈದ್ಯರನ್ನೋ ಕರೆಯಿರಿ. ತಾವೇ ಒಳಗೆ ತಳ್ಳಬೇಡಿರಿ. ಆಹಾರ ಕೊಡುವಾಗ ತಲೆಯನ್ನು ಎತ್ತರಿಸಿರಿ. ಮೂತ್ರದ ಚೀಲ ಮೂತ್ರಕೋಶಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗದಿರಲಿ; ನಳಿಕೆಗೆ ತುಸು ಸಡಿಲ ಬಿಟ್ಟು ತೊಡೆಗೆ ಪಟ್ಟಿ ಹಚ್ಚಿರಿ. ಕೊರಳಿನ ಲಾಡಿಯ ಕೆಳಗೆ ಒಂದು ಬೆರಳು ಹೋಗುವಷ್ಟು ಎಡೆಯಿರಲಿ. ವೃದ್ಧರ ಚರ್ಮ ತೆಳುವಾದದ್ದು. ಅಂಟುಪಟ್ಟಿಯನ್ನು ಸರಕ್ಕನೆ ಕೀಳದೆ, ಚರ್ಮವನ್ನು ಒತ್ತಿ ಹಿಡಿದು ನಿಧಾನವಾಗಿ ಬಿಡಿಸಿರಿ.

ಈಗ ಬಿಟ್ಟ ಪ್ರಶ್ನೆಗೆ ಬರೋಣ. ನಳಿಕೆಯನ್ನು ಕೀಳುತ್ತಾರೆಂದು ಹಿರಿಯರ ಕೈಗಳನ್ನೇ ಮಂಚಕ್ಕೆ ಕಟ್ಟುವುದು ಆಸ್ಪತ್ರೆಗಳಲ್ಲಿಯೂ ಮನೆಗಳಲ್ಲಿಯೂ ನಡೆಯುತ್ತದೆ. ಕಟ್ಟುವವರು ಕ್ರೂರಿಗಳಲ್ಲ, ಭಯಪಟ್ಟವರು, ನಿದ್ದೆಗೆಟ್ಟವರು. ಆದರೆ ಕೈ ಕಟ್ಟಿದ್ದರೂ ನಳಿಕೆ ಕಿತ್ತುಕೊಂಡ ರೋಗಿಗಳು ಕಡಿಮೆಯಲ್ಲವೆಂದು ತೀವ್ರ ನಿಗಾ ಘಟಕಗಳ ಅಧ್ಯಯನಗಳು ತೋರಿಸಿವೆ. ಕಟ್ಟಿದ ಕೈ ಗೊಂದಲವನ್ನೂ ಭಯವನ್ನೂ ಹೆಚ್ಚಿಸುತ್ತದೆ. ಕೈ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳಿವೆ: ಪಟ್ಟಿ ತುರಿಸುತ್ತಿದೆಯೇ? ನಳಿಕೆ ಮಡಚಿ ಮೂತ್ರ ಕಟ್ಟಿದೆಯೇ? ನೋವಿದೆಯೇ? ಈ ನಳಿಕೆ ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳಿದ್ದೇವೆಯೇ? ಎಷ್ಟೋ ಸಲ ಹಿರಿಯರು ಕೀಳುವುದು ಹಟದಿಂದಲ್ಲ, ಹೇಳಲಾಗದ ಬಾಧೆಯಿಂದ.

ಬೆಳ್ಳಿಯಿಂದ ರಬ್ಬರಿಗೆ, ದಾರದಿಂದ ಬುಗ್ಗೆಗೆ, ಹೊಲಿಗೆಯಿಂದ ಅಂಟಿನ ಮೆತ್ತೆಗೆ ಸಾಗಿಬಂದ ಈ ಚರಿತ್ರೆಯುದ್ದಕ್ಕೂ ವೈದ್ಯರು ಹುಡುಕಿದ್ದು ಒಂದನ್ನೇ: ನಳಿಕೆಯನ್ನು ಬಿಗಿಯಾಗಿ ಹಿಡಿಯಬೇಕು, ಮನುಷ್ಯನನ್ನು ಆದಷ್ಟು ಸಡಿಲವಾಗಿ ಬಿಡಬೇಕು. ಆ ಹುಡುಕಾಟ ಇನ್ನೂ ಮುಗಿದಿಲ್ಲ. ಅದು ಮುಗಿಯುವವರೆಗೆ, ಮಂಚದ ಪಕ್ಕದಲ್ಲಿ ಕುಳಿತು ಆ ಕೈಯನ್ನು ಕಟ್ಟುವ ಬದಲು ಹಿಡಿದುಕೊಳ್ಳುವವರು ನಮ್ಮ ಮನೆಗಳಲ್ಲಿ ಇರಲಿ.