ಅನಂತಪುರದ ಒರತೆ

ತಿರುವನಂತಪುರದ ಪಟ್ಟಂ ಎಂಬ ಭಾಗದಲ್ಲಿ ಕಾರ್ಯನಿಮಿತ್ತವಾಗಿ ನಾಲ್ಕು ದಿನ ತಂಗಬೇಕಾಗಿ ಬಂದಾಗ, ಮುಂಜಾವದಲ್ಲಿ ನಡೆಯುವ ಹಳೆಯ ಅಭ್ಯಾಸವು ನನ್ನನ್ನು ಮೊದಲು ಕೊಂಡೊಯ್ದುದು ಅಲ್ಲಿಯ ತೋಡಿನ ದಂಡೆಗೆ. ಎರಡು ಪಕ್ಕಕ್ಕೂ ಗೋಡೆ ಕಟ್ಟಿಸಿಕೊಂಡು, ಮನೆಗಳ ಹಿತ್ತಿಲಿನಾಚೆ ಸಂಕೋಚಪಟ್ಟಂತೆ ಹರಿದುಹೋಗುವ ಆ ನೀರನ್ನು ಊರವರು ಪಟ್ಟಂ ತೋಡು ಎನ್ನುತ್ತಾರೆ. ಕಾಸರಗೋಡಿನವನಾದ ನನಗೆ ಆ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನಮ್ಮ ಕಡೆಯ ಕನ್ನಡದಲ್ಲಿಯೂ ತುಳುವಿನಲ್ಲಿಯೂ ಸಣ್ಣ ಹೊಳೆಗೆ ತೋಡೆಂದೇ ಹೆಸರು. ಕನ್ನಡದಲ್ಲಿ ಅದೇ ಶಬ್ದವು ಅಗೆಯುವ ಕ್ರಿಯೆಯನ್ನೂ ಸೂಚಿಸುವುದರಿಂದ, ನೀರು ನೆಲವನ್ನು ತೋಡುತ್ತದೆಯೋ, ಮನುಷ್ಯನು ನೀರಿಗಾಗಿ ನೆಲವನ್ನು ತೋಡುತ್ತಾನೆಯೋ ಎಂಬ ವಿವಾದವನ್ನು ಭಾಷೆಯು ಇತ್ಯರ್ಥಮಾಡದೆ ಬಿಟ್ಟಿದೆ. ಈ ಬರಹದ ತುಂಬ ತೋಡಿದ ಸಂಗತಿಗಳೇ ಬರಲಿರುವುದರಿಂದ ಇದನ್ನು ಮೊದಲಲ್ಲೇ ಹೇಳಿಟ್ಟೆ.

ಎರಡನೆಯ ದಿನ ಪದ್ಮನಾಭಸ್ವಾಮಿಯ ದರ್ಶನವನ್ನು ಮುಗಿಸಿಕೊಂಡು, ದೇವಾಲಯದ ಪಡುಗಡೆಯ ಓಣಿಗಳಲ್ಲಿ 'ಅನಂತನ್‌ಕಾಡು' ಎಂಬ ಸ್ಥಳವನ್ನು ಹುಡುಕಿಕೊಂಡು ಹೋದೆನು. ಮಹಾವಿಷ್ಣುವು ಮೊದಲು ಪ್ರತ್ಯಕ್ಷನಾದ ಅರಣ್ಯವಿದೆಂದು ಐತಿಹ್ಯವು ಹೇಳುವ ಆ ಸ್ಥಳದಲ್ಲಿ ಈಗಿರುವುದು ನಾಗರಾಜನ ಗುಡಿ, ಅರಸಿನ ಮೆತ್ತಿದ ನಾಗಶಿಲೆಗಳು, ಸುತ್ತಲೂ ಒತ್ತೊತ್ತಾಗಿ ಮನೆಗಳು. ಕಾಡು ಹೆಸರಿನಲ್ಲಿ ಮಾತ್ರ ಉಳಿದಿದೆ. ನನಗೆ ನಿರಾಶೆಯಾಯಿತೆಂದರೆ ಸುಳ್ಳಾದೀತು. ಬಾಲ್ಯದಲ್ಲಿ ಕುಂಬಳೆಯ ಸಮೀಪದ ಅನಂತಪುರಕ್ಕೆ ಕರೆದುಕೊಂಡು ಹೋಗಿದ್ದ ಅಜ್ಜಿಯು ಸರೋವರದ ಮೂಲೆಯ ಗುಹೆಯನ್ನು ತೋರಿಸಿ, "ದೇವರು ಈ ಬಿಲದಲ್ಲಿ ಇಳಿದು ತಿರುವನಂತಪುರದಲ್ಲಿ ಎದ್ದದ್ದು ಮಗಾ" ಎಂದು ಹೇಳಿದ್ದಳು. ಬಿಲದ ಈಚೆಯ ಬಾಯನ್ನು ಕಂಡವನಿಗೆ ಆಚೆಯ ಬಾಯನ್ನೂ ಒಮ್ಮೆ ಕಾಣಬೇಕೆಂಬ ಹಂಬಲವು ಅಷ್ಟು ವರ್ಷಗಳಿಂದ ಇದ್ದಿತು, ಅಷ್ಟೇ. ರೈಲಿನಲ್ಲಿ ಹೋದರೆ ಐನೂರೈವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ ಅದು.

ಆ ಅನಂತಪುರಕ್ಕೆಂದು ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ರಸ್ತೆಯಲ್ಲಿ ನಾಯಿಕಾಪನ್ನು ದಾಟಿ ಒಳದಾರಿ ಹಿಡಿದವನಿಗೆ, ಮುಳಿಹುಲ್ಲು ಬೆಳೆದ ಕೆಂಪು ಪದವು ಮೊದಲು ಎದುರಾಗುವುದು. ಅಲ್ಲಿ ದೇವಾಲಯವಿರಬಹುದೆಂಬ ಸೂಚನೆಯೇ ಇಲ್ಲ. ಗೋಪುರವು ಆಕಾಶಕ್ಕೆ ಏರಿ ದೂರದಿಂದಲೇ ಭಕ್ತನನ್ನು ಕರೆಯುವ ತೆಂಕಣ ಪದ್ಧತಿಗೆ ಇದು ತೀರ ವಿರುದ್ಧ. ಇಲ್ಲಿ ದೇವರನ್ನು ಕಾಣಬೇಕಾದರೆ ತಗ್ಗಿಗೆ ಇಳಿಯಬೇಕು. ಮುರಕಲ್ಲಿನ ಮೆಟ್ಟಲುಗಳನ್ನಿಳಿದಾಗ, ಬಂಡೆಯನ್ನೇ ಕೊರೆದು ಮಾಡಿದಂತಿರುವ ಚೌಕದ ಸರೋವರ, ಅದರ ನಟ್ಟನಡುವೆ ನೀರಿನಿಂದ ಮೇಲೆದ್ದ ಗರ್ಭಗೃಹ, ದಡದಿಂದ ಅಲ್ಲಿಗೆ ಒಂದು ಕಿರುಸೇತುವೆ, ಗೋಡೆಯ ಮೇಲೆ ಮಾಸಿದ ವರ್ಣಚಿತ್ರಗಳು ಕಾಣುತ್ತವೆ. ಒಂದೊಂದು ಪಾರ್ಶ್ವವೂ ಸುಮಾರು 302 ಅಡಿಯಿರುವ ಈ ಸರೋವರಕ್ಕೆ ನೀರುಣಿಸುವ ಹೊಳೆಯಿಲ್ಲ, ಕಾಲುವೆಯಿಲ್ಲ. ತಳದಲ್ಲಿಯೂ ಪಕ್ಕದಲ್ಲಿಯೂ ಒಸರುವ ಒರತೆಯೇ ಇದರ ಜೀವ. ಮೇಲಿನ ಪದವು ಎಪ್ರಿಲ್ ತಿಂಗಳಲ್ಲಿ ಕಾದ ಕಾವಲಿಯಂತಾದಾಗಲೂ ಕೆಳಗೆ ನೀರು ಹಸುರಾಗಿ ನಿಂತಿರುವುದು.

ಐತಿಹ್ಯವು ಪ್ರಸಿದ್ಧವಾದುದರಿಂದ ಸಂಕ್ಷೇಪವಾಗಿ ಹೇಳುವೆನು. ಇಲ್ಲಿ ತಪಸ್ಸು ಮಾಡುತ್ತಿದ್ದ ದಿವಾಕರ ಮುನಿಯ ಬಳಿಗೆ ತೇಜಸ್ವಿಯಾದ ಒಬ್ಬ ಅನಾಥ ಬಾಲಕನು ಬಂದು, ತನ್ನನ್ನು ಎಂದಿಗೂ ಅವಮಾನಗೊಳಿಸಬಾರದೆಂಬ ನಿಬಂಧನೆಯನ್ನಿಟ್ಟು ನೆಲಸಿದನಂತೆ. ಒಂದು ದಿನ ಪೂಜೆಯ ಹೊತ್ತಿನಲ್ಲಿ ಅವನು ಸಾಲಿಗ್ರಾಮವನ್ನೆತ್ತಿ ಬಾಯಲ್ಲಿಟ್ಟುಕೊಳ್ಳಲು, ತಾಳ್ಮೆಗೆಟ್ಟ ಮುನಿಯು ಎಡಗೈಯಿಂದ ನೂಕಿದನು. ಬಾಲಕನು ಬಿದ್ದಲ್ಲಿ ಬಿಲವಾಯಿತು. ನನ್ನನ್ನು ಕಾಣಬೇಕಾದರೆ ಅನಂತನ ಕಾಡಿಗೆ ಬಾ ಎಂಬ ಮಾತು ಅದರೊಳಗಿನಿಂದ ಕೇಳಿಸಿತು. ಬಿಲವನ್ನು ಹೊಕ್ಕು ತೆಂಕಣಕ್ಕೆ ನಡೆದ ಮುನಿಯ ಕಣ್ಣೆದುರಿಗೆ ಬಾಲಕನು ಒಂದು ಹಿಪ್ಪೆಯ ಮರದಲ್ಲಿ ಐಕ್ಯನಾಗಲು, ಮರವು ಉರುಳಿ, ತಲೆ ತಿರುವಲ್ಲದಲ್ಲಿಯೂ ಪಾದ ತೃಪ್ಪಾಪ್ಪೂರಿನಲ್ಲಿಯೂ ಇರುವಷ್ಟು ದೀರ್ಘವಾದ ಶೇಷಶಯನ ಮೂರ್ತಿಯಾಯಿತು. ಅಲ್ಲಿ ಮಲಗಿದ ದೇವರು ಇಲ್ಲಿ ಅನಂತನ ಹೆಡೆಯ ನೆರಳಿನಲ್ಲಿ ಕುಳಿತಿದ್ದಾನೆ. ಮೂಲಸ್ಥಾನವೆಂಬ ಗೌರವವು ಕುಳಿತವನದು, ವೈಭವವು ಮಲಗಿದವನದು. ವಿಲ್ವಮಂಗಲ ಸ್ವಾಮಿಯಾರರೇ ಆ ಮುನಿಯೆಂದು ಮಲಯಾಳಿಗಳು ಹೇಳುತ್ತಾರೆ. ಹೆಸರಿನ ವಿಷಯದಲ್ಲಿ ನಾನು ಜಗಳಕ್ಕೆ ಹೋಗುವವನಲ್ಲ.

ಕಥೆಯ ಬಿಲವನ್ನು ನಂಬದವರೂ ನಂಬಬೇಕಾದ ಎರಡು ಸಂಬಂಧಗಳು ಈ ಎರಡು ಊರುಗಳ ನಡುವೆ ಇವೆ. ಮೊದಲನೆಯದು ವಿಗ್ರಹದ್ದು. ಕಲ್ಲೂ ಅಲ್ಲದ ಲೋಹವೂ ಅಲ್ಲದ, ಎಪ್ಪತ್ತಕ್ಕೂ ಹೆಚ್ಚು ದ್ರವ್ಯಗಳನ್ನು ಅರೆದು ಕಲಸಿದ 'ಕಡುಶರ್ಕರ' ಎಂಬ ಪಾಕದಿಂದ ಎರಡೂ ಕಡೆ ಮೂರ್ತಿಗಳನ್ನು ಮಾಡಿದ್ದರು. ಅನಂತಪುರದಲ್ಲಿ 1972ರಲ್ಲಿ ಆ ಜಾಗಕ್ಕೆ ಕಂಚಿಯ ಜಯೇಂದ್ರ ಸರಸ್ವತಿಯವರು ನೀಡಿದ ಪಂಚಲೋಹದ ಮೂರ್ತಿಗಳು ಬಂದವು. ಎರಡನೆಯದು ಮನುಷ್ಯರದು. ಪದ್ಮನಾಭಸ್ವಾಮಿಯ ಪೂಜೆಗೆ ನಿಲ್ಲುವ ನಂಬಿಗಳಲ್ಲಿ 'ಅಕ್ಕರೆ ದೇಶಿ', 'ಇಕ್ಕರೆ ದೇಶಿ' ಎಂಬ ಎರಡು ವರ್ಗಗಳಿದ್ದು, ಆ ವಿಂಗಡಣೆಗೆ ಎಲ್ಲೆಯಾದುದು ತಿರುವನಂತಪುರದ ಯಾವ ನದಿಯೂ ಅಲ್ಲದೆ ನಮ್ಮ ಚಂದ್ರಗಿರಿ ಹೊಳೆ! 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡವನ್ನು ಬಿಟ್ಟು ಕೇರಳಕ್ಕೆ ಸೇರಿದಾಗ, ಆ ಹೊಳೆಯ ಆಚೆ ಈಚೆಗಳನ್ನು ಕುರಿತು ಎಷ್ಟೊಂದು ಮಾತು, ಬರಹ, ಮನವಿಗಳು ಹುಟ್ಟಿದುವು. ನಂಬಿಗಳು ಮಾತ್ರ ಬಹುಕಾಲದಿಂದ ಆ ಹೊಳೆಯನ್ನು ದಾಟಿ ತೆಂಕಣಕ್ಕೆ ಹೋಗಿಬರುತ್ತಲೇ ಇದ್ದರು.

ಇನ್ನು ಒರತೆಯ ವಿಚಾರ. ಬೆಟ್ಟವಿಲ್ಲದ, ಎತ್ತರದ ಕಾಡಿಲ್ಲದ ಈ ಬೋಳುಪದವಿನ ಮಗ್ಗುಲಲ್ಲಿ ವರ್ಷವೆಲ್ಲ ನೀರು ಹೇಗೆ ನಿಂತಿತು? ಉತ್ತರವು ಮುರಕಲ್ಲಿನಲ್ಲಿದೆ. 1800ರ ಡಿಸೆಂಬರಿನಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು, ಮೆತ್ತಗಿರುವಾಗ ಕತ್ತಿಯಿಂದ ಕತ್ತರಿಸಬಹುದಾದರೂ ಗಾಳಿಗೆ ಒಡ್ಡಿದೊಡನೆ ಇಟ್ಟಿಗೆಯಂತೆ ಗಟ್ಟಿಯಾಗುವುದನ್ನು ಬೆರಗಿನಿಂದ ಬರೆದುಕೊಂಡ ಫ್ರಾನ್ಸಿಸ್ ಬುಕಾನನ್, ಮುಂದಿನ ತಿಂಗಳುಗಳಲ್ಲಿ ಚಂದ್ರಗಿರಿ, ಕಾಸರಗೋಡು, ಕುಂಬಳೆ, ಮಂಜೇಶ್ವರಗಳ ಮೂಲಕ ಮಂಗಳೂರಿಗೆ ಹೋದನು. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಿಂದ 'ಲ್ಯಾಟರೈಟ್' ಎಂಬ ಹೆಸರು ಲೋಕಕ್ಕೆ ಹಬ್ಬಿತು. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಇರುವ ಹೆಸರನ್ನೇ ಕಲ್ಲಿಗೆ ಕೊಟ್ಟ ಆ ಜಾಣನು ಒಂದು ಸಂಗತಿಯನ್ನು ಹೆಸರಿನೊಳಕ್ಕೆ ತರಲಿಲ್ಲ: ಇದು ತೂತು ತೂತಾದ ಇಟ್ಟಿಗೆ. ಮಳೆಗಾಲದ ನಾಲ್ಕು ತಿಂಗಳು ಸುರಿಯುವ ನೀರು ಆ ರಂಧ್ರಗಳಲ್ಲಿ ಇಳಿದು, ಅಡಿಯಲ್ಲಿರುವ ನುಣ್ಣನೆಯ ಶೇಡಿಮಣ್ಣಿನ ಮೇಲೆ ತಡೆದು ನಿಂತು, ಮುಂದೆ ಇಳಿಯಲಾರದೆ ಪಕ್ಕಕ್ಕೆ ಸರಿಯುತ್ತ ಸರಿಯುತ್ತ, ಗುಡ್ಡದ ಬುಡದಲ್ಲಿ ಎಲ್ಲಿ ಬಾಯಿ ಸಿಕ್ಕಿತೋ ಅಲ್ಲಿ ಒರತೆಯಾಗಿ ಹೊರಬೀಳುವುದು. ಹಾಗೆ ಸರಿಯುವಾಗ ಅದು ಶೇಡಿಯನ್ನು ಕಣಕಣವಾಗಿ ಕೊಚ್ಚಿಕೊಂಡು ಹೋಗುವುದರಿಂದ, ಕೆಲವೆಡೆ ನೆಲದೊಳಗೆ ಕೊಳವೆಯಂತಹ ಹಾದಿಗಳೂ, ಮನುಷ್ಯನು ತೂರಬಹುದಾದ ಗುಹೆಗಳೂ ತಾವಾಗಿಯೇ ಆಗುವುವು.

ನೀರು ಮಾಡುವುದನ್ನು ನೋಡಿ ಮನುಷ್ಯನೂ ಕಲಿತನೆಂದು ನನ್ನ ಊಹೆ. ಬಾಯಾರು, ಪಡ್ರೆ, ಎಣ್ಮಕಜೆಯ ಕಡೆಗಳಲ್ಲಿ ಅಡಿಕೆ ತೋಟದ ಮೇಲಣ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬನು ಬಗ್ಗಿ ನಡೆಯಬಹುದಾದಷ್ಟು ಅಗಲಕ್ಕೆ ಕೊರೆದ ಸುರಂಗಗಳು ಸಾವಿರಗಟ್ಟಲೆ ಇವೆ. ಪಿಕ್ಕಾಸಿನಿಂದ ಅಗೆಯುವವನು ಮೊಂಬತ್ತಿಯನ್ನು ಜೊತೆಗಿಟ್ಟುಕೊಳ್ಳುತ್ತಿದ್ದುದು ಬೆಳಕಿಗೆ ಮಾತ್ರವಲ್ಲದೆ ಪ್ರಾಣಕ್ಕೂ; ಬತ್ತಿ ನಂದಿತೆಂದರೆ ಒಳಗೆ ಗಾಳಿ ಮುಗಿಯಿತು, ಹೊರಗೆ ಬಾ ಎಂದರ್ಥ. ಕೂಲಿಗೆ ಅಗೆದವರು ಬಹುಮಂದಿ. ತನ್ನ ಗುಡ್ಡವನ್ನು ತಾನೇ ವರ್ಷಾನುಗಟ್ಟಲೆ ಅಗೆದು, ಕೊನೆಗೊಂದು ದಿನ ಬೆರಳು ಗಾತ್ರದ ನೀರನ್ನು ಕಂಡ ರೈತರೂ ಉಂಟು. ಪಂಪು ಬೇಡ, ಹಗ್ಗ ಬೇಡ; ನೀರು ತಾನಾಗಿ ನಡೆದು ಅಂಗಳಕ್ಕೆ ಬರುವುದು.

ಆದರೆ ತೂತಾದ ನೆಲವು ಅಮೃತವನ್ನು ಹೇಗೋ ಹಾಗೆಯೇ ವಿಷವನ್ನೂ ಕುಡಿಯುತ್ತದೆ. 1970ರ ದಶಕದ ಕೊನೆಯಿಂದ 2000ದವರೆಗೆ ಗುಡ್ಡದ ಮೇಲಣ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಎಂಬ ಕೀಟನಾಶಕವು ಇಳಿದುಬಂದುದು ಕೆಳಗಿನ ಒರತೆ, ಸುರಂಗ, ತೋಡುಗಳ ನೆಲಕ್ಕೆ. ಜೇನುನೊಣಗಳೂ ಕಪ್ಪೆಗಳೂ ಮೀನುಗಳೂ ಸತ್ತುದನ್ನು ಊರವರು ಮೊದಲು ಕಂಡರು. ಮಕ್ಕಳ ಮೇಲಾದ ಪರಿಣಾಮವು ಅನಂತರ ಗೊತ್ತಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಆ ಔಷಧವನ್ನು ದೇಶದಲ್ಲೆಲ್ಲ ನಿಲ್ಲಿಸಿತು. ಪಡ್ರೆಯ ಒಂದು ಭಾಗಕ್ಕೆ 'ಸ್ವರ್ಗ' ಎಂಬ ಹೆಸರಿದೆ. ಅದನ್ನು ಬರೆಯುವಾಗ ಲೇಖನಿ ತಡೆಯುತ್ತದೆ.

ಅನಂತಪುರದ ಪದವಿಗೆ ಹಿಂದಿರುಗುವೆನು. ಬೇಸಗೆಯಲ್ಲಿ ನೋಡಿ ಇದನ್ನು ಪಾಳುಭೂಮಿ ಎಂದು ಸರಕಾರಿ ಕಡತದಲ್ಲಿ ಬರೆದವರು ಒಮ್ಮೆ ಶ್ರಾವಣಮಾಸದಲ್ಲಿ ಬರಬೇಕು. ಇಂತಹ ಪಾರೆಗಳ ತಗ್ಗುಗಳಲ್ಲೆಲ್ಲ ಆಗ ಅಂಗೈಯಗಲದಿಂದ ಅಂಗಳದಗಲದವರೆಗಿನ ಪಳ್ಳಗಳು. ಒಂದೊಂದರಲ್ಲಿಯೂ ಗೊದ್ದಮೊಟ್ಟೆಗಳು, ನೀರಹಾವು, ಏರೋಪ್ಲೇನ್ ಚಿಟ್ಟೆಯ ಮರಿಗಳು. ದಡದಲ್ಲಿ ಕೀಟಗಳನ್ನು ಹಿಡಿದು ತಿನ್ನುವ ಕಿರುಗಿಡಗಳು, ಒಂದು ನೀಲಿಹೂವಿನದು, ಇನ್ನೊಂದು ಎಲೆಯ ಮೇಲೆ ಅಂಟಿನ ಹನಿಗಳನ್ನು ಇಬ್ಬನಿಯೆಂಬಂತೆ ಧರಿಸಿ ಮೋಸಗೊಳಿಸುವಂಥದು. ಟಿಟ್ಟಿಭವು ಬರಿಯ ಕಲ್ಲಿನ ಮೇಲೆ ಮೊಟ್ಟೆಯಿಟ್ಟು, ನಾವು ಹತ್ತಿರ ಹೋದರೆ ತಲೆಯ ಮೇಲೆ ಸುತ್ತುತ್ತ ಬೈಯುವುದು. ಇದೇ ಜಿಲ್ಲೆಯ ಪೆರಿಯದ ಮುರಕಲ್ಲು ತೋಡುಗಳಲ್ಲಿ, ಮಳೆಗಾಲದಲ್ಲಿ ನೀರಿನೊಳಗೆ ಬೆಳೆದು ಬೆಳ್ಳನೆ ಹೂಬಿಡುವ ಒಂದು ಸಸ್ಯವನ್ನು ಶಾಸ್ತ್ರಜ್ಞರು 2012ರಲ್ಲಿ ಹೊಸದೆಂದು ಗುರುತಿಸಿ 'ಕ್ರೈನಮ್ ಮಲಬಾರಿಕಮ್' ಎಂದು ಹೆಸರಿಟ್ಟರು. ಊರವರು ಪೊಲತ್ತಾಳಿಯೆಂದು ಕರೆಯುತ್ತಿದ್ದ ಗಿಡವದು, ಹೊಸದಾದದ್ದು ಅವರಿಗಲ್ಲ.

ಅನಂತಪುರದ ಪ್ರಾಣಿಗಳಲ್ಲಿ ಚರಿತ್ರೆಗೆ ಸೇರಿದುದೆಂದರೆ ಮೊಸಳೆ. ಸರೋವರದಲ್ಲಿ ಯಾವ ಕಾಲದಲ್ಲಿಯೂ ಒಂದು ಮೊಸಳೆಯಿರುವುದು, ಒಂದು ಅಳಿದರೆ ಇನ್ನೊಂದು ಕಾಣಿಸಿಕೊಳ್ಳುವುದು ಎಂಬುದು ಇಲ್ಲಿಯ ಪ್ರತೀತಿ. 1945ರಲ್ಲಿ ಬ್ರಿಟಿಷ್ ಸಿಪಾಯಿಯೊಬ್ಬನು ಆಗಿದ್ದ ಮೊಸಳೆಯನ್ನು ಗುಂಡಿಟ್ಟು ಕೊಂದು, ಸ್ವಲ್ಪದರಲ್ಲಿಯೇ ಹಾವು ಕಚ್ಚಿ ಸತ್ತನೆಂದೂ, ಕೆಲವೇ ದಿನಗಳಲ್ಲಿ ಇನ್ನೊಂದು ಮೊಸಳೆ ನೀರಿನಲ್ಲಿ ತೇಲಿತೆಂದೂ ಹೇಳುವರು. 'ಬಬಿಯಾ' ಎಂದು ಲೋಕವೆಲ್ಲ ಕರೆದುದು ಆ ಎರಡನೆಯದನ್ನು. ಮಧ್ಯಾಹ್ನದ ಪೂಜೆಯಾದ ಮೇಲೆ ಅರ್ಚಕರು ನೀರಿನ ಬಳಿ ನಿಂತು ಕರೆದರೆ, ಹಸುರು ನೀರು ಸದ್ದಿಲ್ಲದೆ ಎರಡಾಗಿ, ಮೊದಲು ಎರಡು ಕಣ್ಣು, ಬಳಿಕ ಮೂತಿ ಕಾಣುತ್ತಿದ್ದುವು; ಬೆಲ್ಲ ಬೆರೆಸಿದ ಅನ್ನದ ನೈವೇದ್ಯವನ್ನು ಕೈಯಿಂದಲೇ ಇಡುತ್ತಿದ್ದರು. ಅದು ಶುದ್ಧ ಸಸ್ಯಾಹಾರಿಯೆಂದು ಭಕ್ತರೂ, ಸರೋವರದಲ್ಲಿ ಮೀನುಗಳಿಗೆ ಕೊರತೆಯಿಲ್ಲವೆಂದು ಪ್ರಾಣಿಶಾಸ್ತ್ರಜ್ಞರೂ ವಾದಿಸುತ್ತಿದ್ದರು. ರಾತ್ರಿಯ ಊಟದ ಸಾಕ್ಷಿಗೆ ಯಾರೂ ಇರಲಿಲ್ಲವಾದುದರಿಂದ ನಾನು ತೀರ್ಪು ಕೊಡಲಾರೆ. ಯಾರಿಗೂ ಅದರಿಂದ ಅಪಾಯವಾಗಲಿಲ್ಲ ಎಂಬುದರಲ್ಲಿ ಮಾತ್ರ ಎರಡು ಪಕ್ಷದವರಿಗೂ ಒಮ್ಮತವಿತ್ತು.

ಈ ಜಾತಿಯ ಮೊಸಳೆಗೆ ಶಾಸ್ತ್ರಜ್ಞರಿಟ್ಟ ಹೆಸರಿನಲ್ಲಿ ಬರುವ 'ಪಾಲುಸ್ಟ್ರಿಸ್' ಎಂಬುದಕ್ಕೆ ಜವುಗಿನಲ್ಲಿರುವುದು ಎಂದರ್ಥ. ಸಿಹಿನೀರಿನ ದಂಡೆಯಲ್ಲಿ ತಾನೇ ಉದ್ದನೆಯ ಬಿಲವನ್ನು ತೋಡಿಕೊಂಡು, ಬಿಸಿಲು ಕಠಿನವಾದಾಗ ಅದರೊಳಗೆ ಅವಿತಿರುವುದು ಇದರ ಸ್ವಭಾವ. ನೀರು ಬತ್ತಿದರೆ ನೆಲದ ಮೇಲೆಯೇ ಬಹುದೂರ ನಡೆದು ಬೇರೆ ನೀರನ್ನು ಸೇರುವುದೂ ಉಂಟು. ಬಬಿಯಾ ಹಗಲಿನ ಬಹುಭಾಗವನ್ನು ಕಳೆಯುತ್ತಿದ್ದುದು ದೇವರು ಇಳಿದುಹೋದನೆನ್ನುವ ಗುಹೆಯ ಬಾಯಲ್ಲಿ. ಬಿಲದ ಕಥೆ ಮೊದಲೋ, ಬಿಲದಲ್ಲಿರುವ ಪ್ರಾಣಿ ಮೊದಲೋ ಎಂದು ಕೇಳಬೇಕೆನ್ನಿಸುತ್ತದೆ.

2022ರ ಅಕ್ಟೋಬರ್ 9ರ ರಾತ್ರಿ ಬಬಿಯಾ ನೀರಿನ ಮೇಲೆ ಸತ್ತು ತೇಲಿತು. ಎಪ್ಪತ್ತು ದಾಟಿದ ವಯಸ್ಸೆಂದು ಲೆಕ್ಕ ಹಾಕಿದರು. ಮರುದಿನ ಅದನ್ನು ಮೇಲೆ ತಂದು ಮಲಗಿಸಿ, ಹೂ ಹಾಕಿದಾಗ ನೋಡಲು ಬಂದವರಿಗೆ ಲೆಕ್ಕವಿರಲಿಲ್ಲ; ಕ್ಷೇತ್ರದ ನೆಲದಲ್ಲಿಯೇ ಅದನ್ನು ಮಣ್ಣುಮಾಡಲಾಯಿತು. ಜಾತಿಮತಗಳನ್ನು ಕೇಳದೆ ಎಲ್ಲರನ್ನೂ ಒಳಗೆ ಬಿಡುವ ದೇವಾಲಯವಾದುದರಿಂದ ಆ ಜನಸಂದಣಿಯಲ್ಲಿ ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ ಎಲ್ಲ ಮಾತುಗಳೂ ಇದ್ದುವು. ಅನಂತರ ಒಂದು ವರ್ಷ ಸರೋವರವು ಮೊಸಳೆಯಿಲ್ಲದೆ ಬರಿದಾಗಿತ್ತು. 2023ರ ನವೆಂಬರಿನಲ್ಲಿ ಭಕ್ತರೊಬ್ಬರಿಗೆ ಗುಹೆಯ ಕಡೆ ಒಂದು ಚಿಕ್ಕ ಮೊಸಳೆ ಕಂಡಿತು. ಅದು ಎಲ್ಲಿಂದ ಬಂದಿತೆಂಬುದು ಊರಿಗೆ ಒಗಟಾಯಿತು, ಆದರೆ ಆಶ್ಚರ್ಯವಾದಂತೆ ತೋರಲಿಲ್ಲ.

ಪಟ್ಟಂನಲ್ಲಿದ್ದ ಕೊನೆಯ ದಿನ ತೋಡಿನ ಜಾಡನ್ನು ಹಿಡಿದು, ರಸ್ತೆ ಬಿಟ್ಟಲ್ಲಿ ಮತ್ತೆ ರಸ್ತೆ ಹುಡುಕುತ್ತ, ಅದು ಸೇರುವ ಆಕ್ಕುಳಂ ಹಿನ್ನೀರಿನವರೆಗೆ ಹೋದೆನು. ರಾಷ್ಟ್ರೀಯ ಭೂವಿಜ್ಞಾನ ಅಧ್ಯಯನ ಕೇಂದ್ರವು ಇರುವುದು ಆ ಆಕ್ಕುಳದಲ್ಲಿ. ಕಾಸರಗೋಡು, ಕಣ್ಣೂರು ಮೊದಲಾದ ಜಿಲ್ಲೆಗಳ ಗುಡ್ಡಗಳೊಳಗೆ ನೀರು ತೋಡುವ ಕೊಳವೆಗಳನ್ನು ಅಳೆದು, ನಕ್ಷೆ ಬರೆದು, ಅವು ಎಲ್ಲಿ ಹುಟ್ಟಿ ಎಲ್ಲಿ ಹೊರಬೀಳುವುವೆಂದು ಶೋಧಿಸಿದವರು ಅಲ್ಲಿಯ ವಿಜ್ಞಾನಿಗಳು. ಬಿಲವು ಅನಂತಪುರದಲ್ಲಿ ಇಳಿದು ತಿರುವನಂತಪುರದಲ್ಲಿ ಎದ್ದಿತೆಂದ ಅಜ್ಜಿಗೆ ಈ ಕಛೇರಿಯನ್ನು ತೋರಿಸಬೇಕಿತ್ತು. ಹಿಂದಿನ ರಾತ್ರಿ ಮಳೆ ಬಂದಿದ್ದುದರಿಂದ, ಸೇತುವೆಯ ಕೆಳಗೆ ತೋಡಿನ ನೀರು ಮುರಕಲ್ಲಿನ ಕೆಂಪನ್ನು ಹೊತ್ತುಕೊಂಡು ಹಿನ್ನೀರಿನ ಹಸುರಿನೊಳಕ್ಕೆ ಒಂದಿಷ್ಟು ದೂರ ಬೆರೆಯದೆಯೇ ಹೋಗುತ್ತಿತ್ತು.