ಬಳ್ಳಾರಿ ಸೀಮೆಯ ಕಡೆದ ಕಂಬಗಳು

ರೂಪನಗುಡಿ, ಕುರುಗೋಡು, ಸಿರುಗುಪ್ಪದ ಸೀಮೆ ಎಂದರೆ ಎರೆ ಹೊಲ ಮತ್ತು ಗ್ರಾನೈಟ್ ಗುಡ್ಡ. 12ನೇ ಶತಮಾನದಲ್ಲಿ ಕುರುಗೋಡಿನಿಂದ ಆಳಿದ ಸಿಂದರು ಕಲ್ಯಾಣದ ಚಾಲುಕ್ಯರ ಮಾಂಡಲಿಕರು. ಆ ಚಾಲುಕ್ಯರ ಕಾಲದ ಗುಡಿಗಳು ಹಳೆಯ ಬಳ್ಳಾರಿ ಜಿಲ್ಲೆಯ ಪಶ್ಚಿಮ ಭಾಗದಲ್ಲಿ, ಬಾಗಳಿ, ಕುರುವತ್ತಿ, ಮಾಗಳ, ಹಿರೇಹಡಗಲಿಗಳಲ್ಲಿ ಇಂದಿಗೂ ನಿಂತಿವೆ. ಪುರಾತತ್ವ ಇಲಾಖೆಯ ಅಲೆಕ್ಸಾಂಡರ್ ರೀ 1896ರಲ್ಲಿ ಚಾಲುಕ್ಯ ವಾಸ್ತುವಿನ ಬಗ್ಗೆ ಪುಸ್ತಕ ಪ್ರಕಟಿಸಿದಾಗ ಉದಾಹರಣೆಗಳನ್ನು ಆಯ್ದದ್ದು ಬಳ್ಳಾರಿ ಜಿಲ್ಲೆಯಿಂದಲೇ. ಈ ಶೈಲಿಯ ನವರಂಗಗಳಲ್ಲಿ ಕಾಣುವ ನುಣುಪಾದ ಗುಂಡು ಕಂಬಗಳನ್ನು ಎಲ್ಲರೂ 'ತಿರುಗಣಿಯಲ್ಲಿ ಕಡೆದವು' ಎಂದು ಹೇಳಿ ಮುಂದೆ ಹೋಗುತ್ತಾರೆ. ಆ ಮಾತು ಸುಳ್ಳಲ್ಲ, ಆದರೆ ಅಲ್ಲಿಗೇ ನಿಂತರೆ ಕೆಲಸದ ಕಷ್ಟದ ಭಾಗ ಕೈಬಿಟ್ಟುಹೋಗುತ್ತದೆ. ಕಲ್ಲನ್ನು ತಿರುಗಿಸುವುದು ಇಲ್ಲಿ ಹಲವು ಕೆಲಸಗಳಲ್ಲಿ ಒಂದು ಮಾತ್ರ. ಕಡೆಯುವುದು, ಮೂಲೆ ತೆಗೆಯುವುದು, ಕುಳಿ ಕೊರೆಯುವುದು ಇವೆಲ್ಲವನ್ನೂ ಉದ್ದನೆಯ ಕಲ್ಲೊಂದರ ಒಂದೇ ಅಕ್ಷಕ್ಕೆ ಹೊಂದಿಸಿದ್ದರಲ್ಲಿ ಆ ಕಸುಬಿನ ನಿಜವಾದ ಜಾಣ್ಮೆ ಇದೆ ಎಂಬುದು ನನ್ನ ವಾದ.

ಗಂಟೆಯಾಕಾರದ ಒಂದು ಕಂಬವನ್ನು ಬುಡದಿಂದ ನೋಡುತ್ತ ಹೋಗಿ. ಕೆಳಗೆ ಚೌಕ, ಅದರ ಮೇಲೆ ಎಂಟು ಅಥವಾ ಹದಿನಾರು ಪಟ್ಟೆಯ ಭಾಗ, ಆಮೇಲೆ ದುಂಡು ಕೊರಳು, ಒಂದರ ಮೇಲೊಂದು ತೆಳು ಬಳೆಗಳು, ಗಂಟೆ, ಮತ್ತೆ ಕಿರಿದಾಗುವ ಕೊರಳು, ತಟ್ಟೆಯಂತೆ ಚಾಚಿದ ಫಲಕ, ಕಡೆಗೆ ಬೋದಿಗೆ. ಹೊಳಪು ಕೊಡದೆ ಬಿಟ್ಟ ಕೆಲವು ಕಂಬಗಳಲ್ಲಿ ಹತಾರದ ಮೊನೆ ಸುತ್ತಲೂ ಎಳೆದ ಸಣ್ಣ ಗೆರೆಗಳಿವೆ, ಉಗುರು ಆಡಿಸಿದರೆ ತಾಕುತ್ತವೆ. ಇಟಗಿ, ಹಾನಗಲ್ಲು, ಬಂಕಾಪುರಗಳಲ್ಲಿ ಅವನ್ನೆಲ್ಲ ಉಜ್ಜಿ ಕನ್ನಡಿಯಂತೆ ಮಾಡಿದ್ದಾರೆ. ಗದಗದ ಸರಸ್ವತಿ ಗುಡಿಯಲ್ಲಿ ಈ ಕಲೆ ತುದಿ ಮುಟ್ಟಿತು. ಗೆರೆಗಳು ತಿರುಗಣಿಗೆ ಸಾಕ್ಷಿ, ಸರಿ. ಆದರೆ ಚೌಕವನ್ನಾಗಲಿ ಹದಿನಾರು ಪಟ್ಟೆಯನ್ನಾಗಲಿ ತಿರುಗಿಸಿ ಮಾಡಲಾಗದು. ಅದಕ್ಕೆ ಕಲ್ಲು ನಿಲ್ಲಬೇಕು, ಕೈವಾರದಿಂದ ವೃತ್ತವನ್ನು ಅರ್ಧ, ಕಾಲು, ಅರೆಕಾಲು ಎಂದು ಭಾಗ ಮಾಡಬೇಕು, ಉಳಿ ಹಿಡಿಯಬೇಕು. ಹೀಗಿದ್ದೂ ದುಂಡು ಭಾಗದ ನಡುವೂ ಪಟ್ಟೆ ಭಾಗದ ನಡುವೂ ಒಂದೇ ಎಂದು ಕಣ್ಣಿಗೆ ಕಾಣುತ್ತದೆ. ಕೂದಲೆಳೆಯಷ್ಟಲ್ಲ, ಒಂದು ಬೆರಳಿನಷ್ಟು ತಪ್ಪಿದ್ದರೂ ತೆಳು ಬಳೆ ಒಂದು ಬದಿಗೆ ದಪ್ಪ, ಇನ್ನೊಂದು ಬದಿಗೆ ಸಣ್ಣ ಆಗಿ ದೋಷ ಎದ್ದು ತೋರುತ್ತಿತ್ತು.

ಇಂದಿನ ವರ್ಕ್‌ಶಾಪಿನವರಿಗೆ ಈ ತೊಡಕು ಚೆನ್ನಾಗಿ ಗೊತ್ತು. ಉದ್ದನೆಯ ಶಾಫ್ಟನ್ನು ಲೇತಿನಲ್ಲಿ ಕಡೆದು, ಬಿಚ್ಚಿ, ಮಿಲ್ಲಿಂಗ್ ಯಂತ್ರಕ್ಕೆ ಕಟ್ಟಿ, ಮತ್ತೆ ಬಿಚ್ಚಿ ಡ್ರಿಲ್ಲಿಂಗಿಗೆ ಒಯ್ದರೆ ಪ್ರತಿ ಸಲವೂ ಸೆಂಟರ್ ಹೊಸದಾಗಿ ಹುಡುಕಬೇಕು, ಪ್ರತಿ ಸಲವೂ ಒಂದಿಷ್ಟು ತಪ್ಪು ಸೇರಿಕೊಳ್ಳುತ್ತದೆ. ಒಮ್ಮೆ ಹಿಡಿದ ಜಾಬನ್ನು ಬಿಡದೆ ಮೂರೂ ಕೆಲಸ ಮುಗಿಸುವ ಯಂತ್ರಗಳು ಹುಟ್ಟಿದ್ದಕ್ಕೆ ಇದು ದೊಡ್ಡ ಕಾರಣ. ಚಾಲುಕ್ಯ ಕಾಲದ ಕೆಲಸಗಾರನಿಗೆ ಅಂಥ ಯಂತ್ರವಿರಲಿಲ್ಲ. ಅವನಿಗಿದ್ದದ್ದು ಕಲ್ಲಿನ ಎರಡು ತುದಿಗಳ ನಡುಬಿಂದು. ಕಂಬ, ಪೀಠ, ಬೋದಿಗೆಗಳನ್ನು ಗಾರೆಯಿಲ್ಲದೆ ಗೂಟ ಮತ್ತು ಕುಳಿಯಿಂದ ಕೂಡಿಸುವ ಪದ್ಧತಿ ಇತ್ತು. ತಿರುಗಿಸುವಾಗ ಆಧಾರವಾದ ನಡುಬಿಂದುವೇ ಆಮೇಲೆ ಜೋಡಣೆಯ ಗೂಟಕ್ಕೂ ನೆಲೆಯಾಗಿರಬೇಕು ಎಂಬುದು ನನ್ನ ಊಹೆ. ಹಾಗಾದರೆ ಎಷ್ಟು ಸಲ ಎತ್ತಿಟ್ಟರೂ ಅಕ್ಷ ಕಳೆದುಹೋಗುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ತೂಕದ್ದು. 60 ಸೆಂಟಿಮೀಟರ್ ದಪ್ಪದ, ಎರಡೂವರೆ ಮೀಟರ್ ಎತ್ತರದ ಬಳಪದ ಕಲ್ಲಿನ ತುಂಡು ಹತ್ತಿರ ಹತ್ತಿರ 2 ಟನ್ ತೂಗುತ್ತದೆ. ಅದನ್ನು ಲೇತಿನಲ್ಲಿಟ್ಟಂತೆ ಅಡ್ಡಲಾಗಿ ತಿರುಗಿಸಿದರೆ ನಡುವಿಗೇ ಮುರಿಯುವ ಭಯ. ನೆಟ್ಟಗೆ ನಿಲ್ಲಿಸಿದರೆ ಭಾರವೆಲ್ಲ ಕೆಳಗಿನ ಒಂದು ಮೊಳೆಯ ಮೇಲೆ ಬೀಳುತ್ತದೆ, ಕುಂಬಾರನ ತಿಗರಿಯಂತೆ. ಆಗ ಹಗ್ಗ ಎಳೆಯುವ ನಾಲ್ಕು ಜನ ಸಾಕು. ಸಾಮೋಸ್‌ನ ಗ್ರೀಕರು ಕ್ರಿಸ್ತಪೂರ್ವ 6ನೇ ಶತಮಾನದಲ್ಲೇ ಕಂಬದ ಪೀಠಗಳನ್ನು ಕಡೆದಿದ್ದರು. ಲೆಮ್ನೋಸ್‌ನ ಕಂಬಗಳನ್ನು ಒಬ್ಬ ಹುಡುಗ ತಿರುಗಿಸಬಲ್ಲಷ್ಟು ಸಮತೂಕದಲ್ಲಿ ತೂಗುಹಾಕಿದ್ದರೆಂದು ರೋಮಿನ ಪ್ಲೀನಿ ಬರೆದಿದ್ದಾನೆ. ಅಲ್ಲದೆ ನಮ್ಮವರು ಕೊನೆಯವರೆಗೂ ತಿರುಗಿಸುತ್ತಲೇ ಇರಲಿಲ್ಲ. ಒರಟು ಆಕಾರ ಬಂದ ಮೇಲೆ ನಿಂತ ಕಂಬಕ್ಕೇ ಚೂಪು ಹತಾರ ಹಿಡಿದು ನಯ ಮಾಡಿದರೆಂದು ವಿದ್ವಾಂಸರು ಗುರುತಿಸಿದ್ದಾರೆ. ಇನ್ನು, ತಿರುಗಣಿಯೇ ಬೇಡ, ಅಳತೆಯ ಹಲಗೆ ಹಿಡಿದು ಉಳಿಯಿಂದಲೇ ಮಾಡಬಹುದಲ್ಲ ಎಂಬ ಪ್ರಶ್ನೆ. ಒಂದೆರಡು ಕಂಬಕ್ಕೆ ಆದೀತು. ಆದರೆ ಬಳೆಬಳೆಗೂ ಮುರಿಯದೆ ಸುತ್ತುವ ಸಣ್ಣ ಗೆರೆ ಉಳಿಯ ಏಟಿನಿಂದ ಮೂಡುವುದಿಲ್ಲ. ಉಳಿಯ ಗುರುತು ತುಂಡುತುಂಡಾಗಿರುತ್ತದೆ.

ಇಷ್ಟು ಬಲಿತ ಕಸುಬು ಇದೇ ಸೀಮೆಯ ವಿಜಯನಗರದಲ್ಲಿ ಏಕೆ ಮುಂದುವರಿಯಲಿಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಅರಸರು ಬದಲಾದರು, ರುಚಿ ಬದಲಾಯಿತು ಎನ್ನುವುದು ಸುಲಭದ ಉತ್ತರ. ನಾನು ಕಲ್ಲಿನ ಕಡೆ ಬೆರಳು ಮಾಡುತ್ತೇನೆ. ಅಣ್ಣಿಗೇರಿಯ ಅಮೃತೇಶ್ವರ ಗುಡಿ ಕಟ್ಟಿದ 1050ರ ಸುಮಾರಿಗೆ ಚಾಲುಕ್ಯ ಶಿಲ್ಪಿಗಳು ಮರಳುಗಲ್ಲು ಬಿಟ್ಟು ಬಳಪದ ಕಲ್ಲಿಗೆ ಬಂದರು. ಅದರಲ್ಲಿರುವ ಟಾಲ್ಕ್ ಗಡಸುತನದ ಅಳತೆಯಲ್ಲಿ 1. ಗ್ರಾನೈಟಿನ ಬೆಣಚು 7, ಅಂದರೆ ಕಬ್ಬಿಣದ ಮೊನೆಗಿಂತ ಗಡಸು. ಬಳಪದ ಕಲ್ಲು ತಿರುಗುತ್ತಿರುವಾಗ ಹತಾರ ಒತ್ತಿದರೆ ಸವೆಯುತ್ತದೆ. ಗ್ರಾನೈಟ್ ಆದರೆ ಹತಾರವೇ ಸವೆಯುತ್ತದೆ. ದಕ್ಷಿಣದಲ್ಲಿ ಹೊಯ್ಸಳರು ಬಳಪದ ಕಲ್ಲನ್ನು ಬಿಡಲಿಲ್ಲ, ಅಲ್ಲಿ ಕಡೆದ ಕಂಬವೂ 13ನೇ ಶತಮಾನ ದಾಟುವವರೆಗೆ ಉಳಿಯಿತು. ಹಂಪಿಯಲ್ಲಿ ಕೈಗೆ ಸಿಕ್ಕಿದ್ದು ಗ್ರಾನೈಟ್. ವಿಠ್ಠಲ ಗುಡಿಯ ಶಿಲ್ಪಿಗಳು ಒಂದೇ ಬಂಡೆಯಲ್ಲಿ ನಡುಗಂಬದ ಸುತ್ತ ಮರಿಗಂಬಗಳನ್ನು ಬಿಡಿಸಿದರು. ಅಕ್ಷದಿಂದ ಆಚೆ ನಿಂತ ಮರಿಗಂಬವನ್ನು ಯಾವ ತಿರುಗಣಿಯೂ ಕಡೆಯಲಾರದು. ಜಾಣ್ಮೆ ಕುಂದಿದ್ದಲ್ಲ, ಕಲ್ಲು ಬೇರೆ ದಾರಿ ಹಿಡಿಸಿತು.

ಹರಿಹರದಲ್ಲಿ 1224ರ ಹರಿಹರೇಶ್ವರ ಗುಡಿಯ ಕಡೆದ ಕಂಬಗಳಿವೆ. ಅದೇ ಊರಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆ ಆರಂಭವಾಯಿತು. ಇವೆರಡನ್ನೂ ಒಂದೇ ಪರಂಪರೆ ಎಂದು ಹೊಗಳುವ ಆಸೆ ಹುಟ್ಟುತ್ತದೆ, ಆದರೆ ನಡುವೆ ಕೊಂಡಿಯಿಲ್ಲ. ಆ ಲೇತಿನ ಮೂಲ 1800ರ ಸುಮಾರಿನ ಲಂಡನ್ನಿನ ಹೆನ್ರಿ ಮಾಡ್ಸ್ಲಿಯ ಕಾರ್ಖಾನೆಯ ಕಡೆಗೆ ಹೋಗುತ್ತದೆ. ಹಳೆಯ ಕಸುಬನ್ನು ಗೌರವಿಸಬೇಕಾದರೆ ಅದನ್ನು ಅಳೆಯಬೇಕು. ಲೇಸರ್ ಸ್ಕ್ಯಾನರ್ ತಂದು ಬಾಗಳಿ, ಕುರುವತ್ತಿಯ ಒಂದೊಂದು ಕಂಬದ ದುಂಡು ಭಾಗದ ನಡುಬಿಂದು, ಪಟ್ಟೆ ಭಾಗದ ನಡುಬಿಂದು ತೆಗೆದರೆ ಅವು ಒಂದೇ ಗೆರೆಯ ಮೇಲಿವೆಯೋ ಇಲ್ಲವೋ ತಿಳಿಯುತ್ತದೆ. ಇಲ್ಲವಾದರೆ ನನ್ನ ವಾದ ಬೀಳುತ್ತದೆ. ಈ ಕೆಲಸ ಬೇಗ ಆಗಬೇಕು. ಪೂಜೆ ನಡೆಯುವ ಗುಡಿಗಳಲ್ಲಿ ಭಕ್ತಿಯಿಂದಲೇ ಕಂಬಕ್ಕೆ ಎಣ್ಣೆ, ಸುಣ್ಣ, ಎನಾಮೆಲ್ ಬಣ್ಣ ಬಳಿಯುತ್ತಾರೆ, ಆಮೇಲೆ ಅದನ್ನು ತೆಗೆಯಲು ಯಂತ್ರದಿಂದ ಉಜ್ಜುತ್ತಾರೆ. ಹೀಗೆ ಉಜ್ಜಿದ ಕಂಬದಲ್ಲಿ ಬಣ್ಣದ ಜೊತೆಗೆ ಹತಾರದ ಗೆರೆಯೂ ಹೋಗಿಬಿಡುತ್ತದೆ.