ತಸ್ಬೀಹ್ ಹಿಡಿದ ಕೋಚ್

ಕುರ್ಬಾನ್ ಬೆರ್ಡಿಯೆವ್ ಹುಟ್ಟಿದ್ದು 1952ರಲ್ಲಿ, ತುರ್ಕಮೆನಿಸ್ತಾನದ ಅಶ್ಗಬಾತ್‌ನಲ್ಲಿ. ಆದರೆ ಆಟಗಾರನಾಗಿ ಕೊನೆಯ ವರ್ಷಗಳನ್ನು ಕಳೆದದ್ದು ಕಜಕಸ್ತಾನದ ಕೈರಾತ್ ತಂಡದಲ್ಲಿ. ಕೋಚ್ ಕೆಲಸ ಕಲಿತದ್ದೂ ಆ ದೇಶದಲ್ಲೇ, ಜಾಂಬುಲ್ ಎಂಬ ಊರಿನ ಸಣ್ಣ ತಂಡದಲ್ಲಿ.

2001ರಲ್ಲಿ ರಷ್ಯಾದ ರೂಬಿನ್ ಕಜಾನ್ ತಂಡ ಅವರ ಕೈಗೆ ಬಂದಾಗ ಅದು ಎರಡನೇ ದರ್ಜೆಯ ಲೀಗಿನಲ್ಲಿತ್ತು. 2008 ಮತ್ತು 2009ರಲ್ಲಿ ಅದೇ ತಂಡ ರಷ್ಯಾದ ಚಾಂಪಿಯನ್! 2009ರ ಅಕ್ಟೋಬರ್ 20ರಂದು ಬಾರ್ಸಿಲೋನಾವನ್ನು ಅದರದೇ ಮೈದಾನದಲ್ಲಿ 2–1ರಿಂದ ಸೋಲಿಸಿತು. ಎರಡನೇ ನಿಮಿಷದಲ್ಲೇ ರಿಯಾಜಾಂತ್ಸೆವ್ ದೂರದಿಂದ ಹೊಡೆದ ಗೋಲು; ಇಬ್ರಾಹಿಮೊವಿಚ್ ಸಮ ಮಾಡಿದ ಮೇಲೆ ಕರಾದೆನಿಜ್ ಹೊಡೆದದ್ದು ಗೆಲುವಿನ ಗೋಲು. ಪಂದ್ಯ ನಡೆಯುವಾಗ ಬೆರ್ಡಿಯೆವ್ ಕೈಯಲ್ಲಿ ಸದಾ ತಸ್ಬೀಹ್, ನಮ್ಮ ಮನೆಯ ಹಿರಿಯರ ಕೈಯಲ್ಲಿ ಇರುವಂಥದ್ದೇ.

ಅವರದ್ದು ಬರೀ ರಕ್ಷಣೆಯ ಆಟ, ನೋಡಲು ಬೇಸರ ಎನ್ನುವವರು ಬಹಳ. ನಾನು ಒಪ್ಪುವುದಿಲ್ಲ. ಸಣ್ಣ ಅಂಗಡಿಯವನು ದೊಡ್ಡ ಮಾಲ್‌ನ ಎದುರು ಅದೇ ಲೆಕ್ಕದಲ್ಲಿ ವ್ಯಾಪಾರ ಮಾಡಲಾಗುತ್ತದೆಯೇ? ಇದ್ದ ಆಟಗಾರರನ್ನು ಹತ್ತಿರ ಹತ್ತಿರ ನಿಲ್ಲಿಸಿ, ಎದುರಾಳಿಗೆ ನಡುವೆ ಜಾಗ ಕೊಡದೆ, ಚೆಂಡು ಸಿಕ್ಕ ಕೂಡಲೇ ಮುಂದಕ್ಕೆ ಓಡಿಸುವುದು ಅವರ ಉಪಾಯ.

ಮುಂದೆ ರೊಸ್ತೊವ್. ಸಂಬಳವೇ ಸರಿಯಾಗಿ ಬಾರದ ಆಟಗಾರರು. 2015ರಲ್ಲಿ ಲೀಗಿನಿಂದ ಹೊರಬೀಳುವುದು ಸ್ವಲ್ಪದರಲ್ಲಿ ತಪ್ಪಿತ್ತು. ಮರುವರ್ಷ ಅದೇ ತಂಡ ಎರಡನೇ ಸ್ಥಾನಕ್ಕೆ ಬಂತು, ಚಾಂಪಿಯನ್ ಸಿಎಸ್‌ಕೆಎಗಿಂತ ಎರಡೇ ಅಂಕ ಕಡಿಮೆ. 2016ರ ನವೆಂಬರಿನಲ್ಲಿ ಬಾಯರ್ನ್ ಮ್ಯೂನಿಕ್ ಕೂಡ ರೊಸ್ತೊವ್‌ನಲ್ಲಿ 3–2ರಿಂದ ಸೋತಿತು.

2021ರಲ್ಲಿ, ಎಪ್ಪತ್ತರ ಹತ್ತಿರ, ಅವರು ಮತ್ತೆ ಕೈರಾತ್‌ಗೆ ಹೋದರು, ಈ ಸಲ ಕೋಚ್ ಆಗಿ.